ಎರಡೇ ಹನಿ ಇದೆ, ಏನು ಕೇಳ್ತೀರಿ? ಕಣ್ಣಿನ ಸೋಂಕಿಗೆ ಜೀನ್ ಪರೀಕ್ಷೆ ಮಾಡಿಸುವ ಬಗೆ

ಡ್ರಾಪ್ಸ್ ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 0.05 ಮಿಲಿಲೀಟರ್. ಕಣ್ಣಿನ ಮುಂದಿನ ಕೋಣೆಗೆ (ಕಪ್ಪುಗುಡ್ಡೆಯ ಪಾರದರ್ಶಕ ಪದರದ ಹಿಂದೆ ನೀರು ತುಂಬಿರುವ ಜಾಗ) ಸೂಜಿ ಹಾಕಿ ಡಾಕ್ಟರು ಹೊರಗೆಳೆಯುವ ನೀರು 0.1 ಮಿಲಿಲೀಟರ್, ಹೆಚ್ಚೆಂದರೆ 0.2. ಅಂದರೆ ಎರಡು ಹನಿ, ಬಹಳ ಆದರೆ ನಾಲ್ಕು. ಆ ಕೋಣೆಯಲ್ಲಿ ಇರುವ ನೀರೇ ಒಟ್ಟು ಕಾಲು ಮಿಲಿಲೀಟರ್. ರಕ್ತ ಸಾಲದಿದ್ದರೆ ಇನ್ನೊಂದು ಟ್ಯೂಬ್ ತೆಗೆಯಬಹುದು. ಕಣ್ಣಿನ ಹತ್ತಿರ ಹಾಗೆಲ್ಲ ಮತ್ತೆ ಮತ್ತೆ ಕೇಳೋಕಾಗಲ್ಲ.

ಕಣ್ಣಿನ ಸ್ಯಾಂಪಲ್‌ಗಳು ಬಂದು ಸೇರುವ ಲ್ಯಾಬಿನಲ್ಲಿ ನನ್ನ ಕೆಲಸ. ಫಾರಂನಲ್ಲಿ ‘ಎಲ್ಲಾ ಪರೀಕ್ಷೆ ಮಾಡಿ’ ಎಂದು ಬರೆದು, ಜೊತೆಗೆ ಈ ಎರಡು ಹನಿ ಕಳಿಸುವವರು ಬಹಳ ಜನ. ಎಲ್ಲಾ ಪರೀಕ್ಷೆ ಆಗಲ್ಲ. ಎರಡು ಹನಿಯಲ್ಲಿ ಎರಡೋ ಮೂರೋ ಪ್ರಶ್ನೆ ಕೇಳಬಹುದು, ಅಷ್ಟೇ. ಯಾವ ಪ್ರಶ್ನೆ ಕೇಳಬೇಕು, ಹನಿಯನ್ನು ಹೇಗೆ ತೆಗೆದು ಹೇಗೆ ಕಳಿಸಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕಣ್ಣಿನ ವಿಭಾಗಕ್ಕೆ ಹೊಸದಾಗಿ ಬಂದ ಡಾಕ್ಟರುಗಳನ್ನೂ ಲ್ಯಾಬ್ ಟೆಕ್ನಿಷಿಯನ್‌ಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮನೆಯಲ್ಲಿ ಯಾರಿಗಾದರೂ ಈ ಪರೀಕ್ಷೆ ಬರೆದುಕೊಟ್ಟಿದ್ದರೆ ಅವರೂ ಓದಬಹುದು.

ಶುರುವಿನಲ್ಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಜೀನ್ ಪರೀಕ್ಷೆ ಅಂದ ಕೂಡಲೇ ‘ನಮ್ಮ ವಂಶದಲ್ಲಿ ಏನಾದರೂ ದೋಷ ಇದೆಯಾ ಸಾರ್?’ ಎಂದು ರೋಗಿಗಳು ಗಾಬರಿಯಾಗುತ್ತಾರೆ. ಇಲ್ಲಿ ಓದುವುದು ರೋಗಿಯ ಜೀನ್ ಅಲ್ಲ, ಕಣ್ಣಿಗೆ ಹೊಕ್ಕ ರೋಗಾಣುವಿನ ಜೀನ್. ಯಾವ ವೈರಸ್, ಯಾವ ಬ್ಯಾಕ್ಟೀರಿಯಾ, ಯಾವ ಫಂಗಸ್ ಅನ್ನುವುದನ್ನು ಅದರ ಡಿಎನ್‌ಎ ಅಥವಾ ಆರ್‌ಎನ್‌ಎ ನೋಡಿ ಗುರುತು ಹಿಡಿಯುವ ಕೆಲಸ ಇದು.

ಹಂತ 1: ಈ ಪರೀಕ್ಷೆ ಬೇಕಾ ಅಂತ ಮೊದಲು ಕೇಳಿಕೊಳ್ಳಿ

ನಾನು ಎಲ್ಲರಿಗೂ ಹೇಳುವ ಸುಲಭದ ಉಪಾಯ ಒಂದಿದೆ. ‘ಪಾಸಿಟಿವ್ ಬಂದರೆ ನಾನು ಏನು ಮಾಡ್ತೀನಿ? ನೆಗೆಟಿವ್ ಬಂದರೆ ಏನು ಮಾಡ್ತೀನಿ?’ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಎರಡೂ ಸಾಲು ಒಂದೇ ಥರ ಇದ್ದರೆ ಪರೀಕ್ಷೆ ಬೇಡ.

ಮಾಮೂಲಿ ಕೆಂಗಣ್ಣನ್ನೇ ತಗೊಳ್ಳಿ. ಬಹಳಷ್ಟು ಸಲ ಅಡಿನೋವೈರಸ್ ಇರುತ್ತದೆ. ಅದಕ್ಕೆಂದೇ ಇರುವ ಔಷಧಿ ಇಲ್ಲ. ಎರಡು ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಪಿಸಿಆರ್ (ರೋಗಾಣುವಿನ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಗುರುತಿಸುವ ಪರೀಕ್ಷೆ) ಮಾಡಿಸಿ ಹೆಸರು ತಿಳಿದುಕೊಂಡರೂ ಡ್ರಾಪ್ಸ್ ಬದಲಾಗಲ್ಲ. ಅದೇ ಒಂದು ಆಸ್ಪತ್ರೆಯ ವಾರ್ಡಿನಲ್ಲೋ ಹಾಸ್ಟೆಲ್‌ನಲ್ಲೋ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತಿದ್ದರೆ ಲೆಕ್ಕ ಬೇರೆ. ಆಗ ವೈರಸ್ ಖಚಿತವಾದರೆ ಯಾರನ್ನು ಹತ್ತು-ಹದಿನಾಲ್ಕು ದಿನ ದೂರ ಇಡಬೇಕು, ಯಾವ ಉಪಕರಣ ಮತ್ತೆ ಶುದ್ಧ ಮಾಡಬೇಕು ಅನ್ನುವುದು ತೀರ್ಮಾನವಾಗುತ್ತದೆ.

ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹುಣ್ಣಿಗೂ ಪಿಸಿಆರ್ ಮೊದಲ ಪರೀಕ್ಷೆ ಅಲ್ಲ. ಹುಣ್ಣನ್ನು ಕೆರೆದು ಸ್ಲೈಡ್ ಮೇಲೆ ಹಚ್ಚಿ, ಗ್ರಾಂ ಸ್ಟೇನ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್‌ನ ಎಳೆಗಳು ಒಂದು ಗಂಟೆಯೊಳಗೆ ಕಣ್ಣಿಗೆ ಬೀಳುತ್ತವೆ. ಇಷ್ಟು ಅಗ್ಗದ, ಇಷ್ಟು ಬೇಗದ ಪರೀಕ್ಷೆ ಬಿಟ್ಟು ಹೊಸದಕ್ಕೆ ಹಾರುವುದು ನನಗೆ ಒಪ್ಪಿಗೆಯಿಲ್ಲ. ಜೀನ್ ಪರೀಕ್ಷೆ ಮಾಡುವ ಲ್ಯಾಬಿನಲ್ಲೇ ಕೂತು ಇದನ್ನು ಹೇಳ್ತಿದ್ದೀನಿ.

ಹಾಗಾದರೆ ಎಲ್ಲಿ ನಿಜಕ್ಕೂ ಬೇಕು? ಮೊದಲನೆಯದು, ಕಣ್ಣಿನ ಒಳಗೆ ವೈರಸ್ ಇದೆ ಅನ್ನಿಸಿದಾಗ. ಇಲ್ಲಿ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಕಲ್ಚರ್‌ನಿಂದ ಪ್ರಯೋಜನ ತೀರಾ ಕಡಿಮೆ. ಎರಡನೆಯದು, ನಿಧಾನವಾಗಿ ಬೆಳೆಯುವ ರೋಗಾಣುಗಳ ಅನುಮಾನ ಇದ್ದಾಗ. ಫಂಗಸ್ ಕಲ್ಚರ್‌ಗೆ ಎರಡು ವಾರದವರೆಗೂ, ಕ್ಷಯದ ಬ್ಯಾಕ್ಟೀರಿಯಾಕ್ಕೆ ಆರರಿಂದ ಎಂಟು ವಾರವೂ ಕಾಯಬೇಕಾಗುತ್ತದೆ. ಮೂರನೆಯದು, ರೋಗಿ ಆಗಲೇ ಆಂಟಿಬಯಾಟಿಕ್ ಹಾಕಿಕೊಂಡು ಬಂದಿದ್ದರೆ. ಸತ್ತ ಬ್ಯಾಕ್ಟೀರಿಯಾ ಕಲ್ಚರ್ ತಟ್ಟೆಯಲ್ಲಿ ಬೆಳೆಯಲ್ಲ, ಆದರೆ ಅದರ ಡಿಎನ್‌ಎ ಇನ್ನೂ ಅಲ್ಲೇ ಇರುತ್ತದೆ. ಕೊನೆಯದು, ಕಲ್ಚರ್‌ನಲ್ಲಿ ಏನೂ ಬರಲಿಲ್ಲ, ಕಣ್ಣು ಮಾತ್ರ ವಾಸಿಯಾಗ್ತಾ ಇಲ್ಲ ಅನ್ನುವ ಸಂದರ್ಭ. ಪೊರೆ ಆಪರೇಷನ್ ನಂತರ ಕಣ್ಣಿನೊಳಗೆ ಕೀವಾದವರ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲೂ ಕಲ್ಚರ್‌ನಲ್ಲಿ ರೋಗಾಣು ಖಚಿತವಾಗಿ ಬೆಳೆದದ್ದು ಶೇ 69ರಷ್ಟು ಜನರಲ್ಲಿ ಮಾತ್ರ.

ಹಂತ 2: ಯಾರ ಮೇಲೆ ಅನುಮಾನ ಅಂತ ಬರೆಯಿರಿ

ಪಿಸಿಆರ್ ಕುರುಡು. ನೀವು ತೋರಿಸಿದ ಆಸಾಮಿ ಇದ್ದಾನಾ ಇಲ್ಲವಾ ಎಂದಷ್ಟೇ ಹೇಳುತ್ತದೆ. ಪಕ್ಕದಲ್ಲೇ ಇನ್ನೊಬ್ಬ ನಿಂತಿದ್ದರೂ ಅದಕ್ಕೆ ಗೊತ್ತಾಗಲ್ಲ. ಆದ್ದರಿಂದ ಹೆಸರುಗಳನ್ನು ಕೊಡಬೇಕಾದವರು ಕಣ್ಣು ನೋಡಿದ ಡಾಕ್ಟರೇ.

ಕಣ್ಣಿನ ಹಿಂಭಾಗದ ಬೆಳಕು ಹಿಡಿಯುವ ಪದರ ರೆಟಿನಾದ ಅಂಚಿನಲ್ಲಿ ಬಿಳಿ-ಹಳದಿ ಮಚ್ಚೆಗಳು ಎದ್ದು ದಿನದಿಂದ ದಿನಕ್ಕೆ ಒಳಕ್ಕೆ ಹಬ್ಬುತ್ತಿದ್ದರೆ ತೀವ್ರ ರೆಟಿನಾ ಕೊಳೆತದ ಅನುಮಾನ. ಆಗ ಮೊದಲು ಕೇಳಬೇಕಾದದ್ದು ಚಿಕನ್‌ಪಾಕ್ಸ್ ಮತ್ತು ಸರ್ಪಸುತ್ತಿಗೆ ಕಾರಣವಾದ ವೈರಿಸೆಲ್ಲಾ ಜೋಸ್ಟರ್ ವೈರಸ್, ಆಮೇಲೆ ಹರ್ಪಿಸ್ ಸಿಂಪ್ಲೆಕ್ಸ್ 1 ಮತ್ತು 2. ರೋಗನಿರೋಧಕ ಶಕ್ತಿ ಕುಂದಿದವರಾದರೆ ಸೈಟೊಮೆಗಾಲೊ ವೈರಸ್ ಮತ್ತು ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಯನ್ನೂ ಸೇರಿಸಿ. ಇವರಲ್ಲಿ ಟಾಕ್ಸೊಪ್ಲಾಸ್ಮಾ ವೈರಸ್‌ನ ವೇಷ ಹಾಕಿಕೊಂಡು ಬರುವುದುಂಟು.

ಕಣ್ಣಿನ ಒತ್ತಡ ಏರಿದೆ, ಉರಿಯೂತ ಮಾತ್ರ ಅಷ್ಟೇನೂ ಇಲ್ಲ, ಪದೇ ಪದೇ ಮರುಕಳಿಸುತ್ತಿದೆ ಅಂದರೆ ಸೈಟೊಮೆಗಾಲೊ ಮತ್ತು ಹರ್ಪಿಸ್ ಬಳಗದ ಮೇಲೆ ಕಣ್ಣಿಡಿ. ಕಣ್ಣಿನ ಮುಂಭಾಗದ ಸೈಟೊಮೆಗಾಲೊ ಉರಿಯೂತವನ್ನು ಹಾಗೆಂದು ಕರೆಯಲು ಒಳನೀರಿನಲ್ಲಿ ಪಿಸಿಆರ್ ಪಾಸಿಟಿವ್ ಇರಬೇಕು ಎಂದು 2021ರ ಅಂತರರಾಷ್ಟ್ರೀಯ ವರ್ಗೀಕರಣ ಹೇಳುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆದವರು, ಕಾಣುವ ಗಾಯಕ್ಕಿಂತ ನೋವು ಜಾಸ್ತಿ ಅನ್ನುವವರು ಬಂದರೆ ನೀರಿನಲ್ಲಿರುವ ಅಕಾಂತಮೀಬಾ ಅನ್ನುವ ಅಮೀಬಾ. ಎಲೆಯೋ ಕಡ್ಡಿಯೋ ಮಣ್ಣೋ ಬಡಿದು ಹುಣ್ಣಾಗಿದ್ದರೆ ಫಂಗಸ್. ಅದರಲ್ಲೂ ಫ್ಯುಸೇರಿಯಂ, ಆಸ್ಪರ್ಜಿಲಸ್. ಪೊರೆ ಆಪರೇಷನ್ ಆಗಿ ಕೆಲವೇ ದಿನಕ್ಕೆ ಕೀವಾದರೆ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಮೇಲೆ ಮೊದಲ ಅನುಮಾನ. ತಿಂಗಳುಗಳು ಕಳೆದ ಮೇಲೆ ಮೆಲ್ಲಗೆ ಕೆಂಪಾದರೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅಥವಾ ಫಂಗಸ್.

ನವಜಾತ ಶಿಶುವಿನ ಕಣ್ಣಲ್ಲಿ ಕೀವು ಬಂದರೆ ದಿನ ಎಣಿಸಿ. ಹುಟ್ಟಿ ಎರಡರಿಂದ ಐದು ದಿನದೊಳಗೆ ಅಂದರೆ ಗೊನೊಕಾಕಸ್, ಐದರಿಂದ ಹದಿನಾಲ್ಕು ದಿನದೊಳಗೆ ಅಂದರೆ ಕ್ಲಮೈಡಿಯಾ ಇರುವ ಸಾಧ್ಯತೆ ಹೆಚ್ಚು. ಗೊನೊಕಾಕಸ್ ಕಾರ್ನಿಯಾವನ್ನೇ ತೂತು ಮಾಡಬಲ್ಲದು. ಅಲ್ಲಿ ಪಿಸಿಆರ್‌ಗೆ ಕಾಯದೆ ಚಿಕಿತ್ಸೆ ಶುರುವಾಗಬೇಕು. ಎರಡೂ ಲೈಂಗಿಕವಾಗಿ ಹರಡುವ ಬ್ಯಾಕ್ಟೀರಿಯಾ, ಹಾಗಾಗಿ ಪಾಸಿಟಿವ್ ಬಂದರೆ ತಾಯಿಗೂ ಆಕೆಯ ಸಂಗಾತಿಗೂ ಚಿಕಿತ್ಸೆ ಬೇಕು.

ಹಂತ 3: ಎಲ್ಲಿಂದ ತೆಗೆಯಬೇಕು

ರೋಗ ಇರುವ ಜಾಗದಿಂದ. ಕೇಳೋಕೆ ಸುಲಭ, ಆದರೂ ಇಲ್ಲೇ ಎಡವುವುದು. ಸೂಜಿ ಹಾಕೋಕೆ ಹಿಂಜರಿದು ಕಣ್ಣೀರನ್ನೋ ರೆಪ್ಪೆಯೊಳಗಿನ ಸ್ವಾಬನ್ನೋ ಕಳಿಸಿ ‘ಒಳಗೆ ವೈರಸ್ ಇದೆಯಾ ನೋಡಿ’ ಅನ್ನುವವರಿದ್ದಾರೆ.

ಎಬೋಲಾ ಪೀಡಿತರಿಗೆ ಚಿಕಿತ್ಸೆ ಕೊಡಲು ಸಿಯೆರಾ ಲಿಯೋನ್‌ಗೆ ಹೋಗಿದ್ದ ಅಮೆರಿಕದ ಡಾಕ್ಟರ್ ಇಯಾನ್ ಕ್ರೋಜಿಯರ್ 2014ರಲ್ಲಿ ತಾವೇ ಸೋಂಕಿಗೆ ಒಳಗಾದರು. ಸಾವಿನ ಅಂಚಿನಿಂದ ವಾಪಸ್ ಬಂದರು. ರಕ್ತದಲ್ಲಿ ವೈರಸ್ ಇಲ್ಲವಾಗಿ ವಾರಗಳೇ ಕಳೆದ ಮೇಲೆ ಒಂದು ಕಣ್ಣು ಉರಿಯೂತದಿಂದ ಮಂಜಾಯಿತು. ಕಣ್ಣೀರು ಪರೀಕ್ಷಿಸಿದರು, ನೆಗೆಟಿವ್. ಕಣ್ಣಿನ ಮೇಲ್ಪದರದ ಸ್ವಾಬ್, ಅದೂ ನೆಗೆಟಿವ್. ಮುಂದಿನ ಕೋಣೆಯಿಂದ ತೆಗೆದ ನೀರಿನಲ್ಲಿ ಮಾತ್ರ ಎಬೋಲಾ ಇತ್ತು. ಈ ಕಾಯಿಲೆಯಲ್ಲಿ ಅವರ ನೀಲಿ ಕಣ್ಣು ಹಸಿರಾಗಿಬಿಟ್ಟಿತು. ಹೊರಗಿನ ಸ್ವಾಬ್ ಅಷ್ಟನ್ನೇ ನಂಬಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಉಲ್ಟಾ ತಪ್ಪೂ ಇದೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ನರದಲ್ಲಿ ಅಡಗಿ ಕೂತಿದ್ದು, ಯಾವ ತೊಂದರೆಯೂ ಇಲ್ಲದವರ ಕಣ್ಣೀರಿನಲ್ಲೂ ಆಗಾಗ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹೊರಗಿನ ಸ್ವಾಬ್ ಪಾಸಿಟಿವ್ ಬಂದರೂ ಒಳಗಿನ ರೋಗಕ್ಕೆ ಅದೇ ಕಾರಣ ಅಂತ ಹೇಳೋಕಾಗಲ್ಲ.

ಒಟ್ಟಿನಲ್ಲಿ ಕೆಂಗಣ್ಣಿಗೆ ರೆಪ್ಪೆಯ ಒಳಮೈಯ ಸ್ವಾಬ್. ಕಾರ್ನಿಯಾ ಹುಣ್ಣಿಗೆ ಹುಣ್ಣಿನ ತಳ ಮತ್ತು ಅಂಚಿನ ಕೆರೆತ. ಮುಂಭಾಗದ ಉರಿಯೂತಕ್ಕೂ ವೈರಸ್‌ನಿಂದಾದ ರೆಟಿನಾ ರೋಗಕ್ಕೂ ಮುಂದಿನ ಕೋಣೆಯ ನೀರು. ಒಳಗೆಲ್ಲ ಕೀವು ತುಂಬಿದ್ದರೆ ಕಣ್ಣಿನ ಹಿಂಭಾಗದ ಲೋಳೆ, ಅಂದರೆ ವಿಟ್ರಿಯಸ್. ಇದು ಒಟ್ಟು 4 ಮಿಲಿಲೀಟರ್‌ನಷ್ಟು ಇರುತ್ತದೆ. ಹಾಗಾಗಿ 0.2 ರಿಂದ 0.3 ಮಿಲಿಲೀಟರ್ ಸಿಗುತ್ತದೆ, ಆಪರೇಷನ್ ಮಾಡಿ ತೆಗೆದರೆ ಇನ್ನೂ ಜಾಸ್ತಿ.

ಹಂತ 4: ತೆಗೆಯುವ ಹೊತ್ತು, ತೆಗೆಯುವ ರೀತಿ

ಆಂಟಿಬಯಾಟಿಕ್ ಇಂಜೆಕ್ಷನ್‌ಗೆ ಮೊದಲು ಸ್ಯಾಂಪಲ್. ಕಾರ್ನಿಯಾ ಆದರೆ ಬಣ್ಣದ ಡೈ ಹಾಕುವುದಕ್ಕೂ ಮೊದಲು. ರೋಸ್ ಬೆಂಗಾಲ್‌ನಂಥ ಬಣ್ಣಗಳು ಪಿಸಿಆರ್ ಕ್ರಿಯೆಗೆ ಅಡ್ಡಗಾಲು ಹಾಕುತ್ತವೆ. ಕಣ್ಣು ಪೂರ್ತಿ ಬಣ್ಣ ಮಾಡಿಕೊಂಡು ಫೋಟೋ ತೆಗೆದು, ಆಮೇಲೆ ‘ಓ, ಸ್ಯಾಂಪಲ್!’ ಎಂದು ನೆನಪಾಗುವುದು ಹೊರರೋಗಿ ವಿಭಾಗದಲ್ಲಿ ದಿನನಿತ್ಯದ ಕಥೆ. ಆಗಲೇ ಬಣ್ಣ ಹಾಕಿಯಾಗಿದ್ದರೆ ಚೆನ್ನಾಗಿ ತೊಳೆದು, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಫಾರಂನಲ್ಲಿ ಆ ಮಾತನ್ನು ಬರೆಯಿರಿ.

ಸ್ವಾಬ್ ಯಾವುದಾದರೂ ನಡೆಯುತ್ತೆ ಅಂದುಕೊಳ್ಳಬೇಡಿ. ಪಾಲಿಯೆಸ್ಟರ್ ಅಥವಾ ನೈಲಾನ್ ತುದಿ, ಪ್ಲಾಸ್ಟಿಕ್ ಕಡ್ಡಿ ಇರಲಿ. ಕ್ಯಾಲ್ಸಿಯಂ ಆಲ್ಜಿನೇಟ್ ತುದಿಯದ್ದು ಬೇಡ, ಮರದ ಕಡ್ಡಿಯದ್ದೂ ಬೇಡ. ಎರಡೂ ಪಿಸಿಆರ್ ಅನ್ನು ಕೆಡಿಸುತ್ತವೆ. ಕಲ್ಚರ್‌ಗೆ ಬಳಸುವ ಜೆಲ್ ತುಂಬಿದ ಟ್ಯೂಬ್ ಇದಕ್ಕೆ ಆಗಿಬರಲ್ಲ. ಸ್ವಾಬ್ ಉಜ್ಜುವಾಗ ಕೀವನ್ನು ಬಳಿದು ತಂದರೆ ಸಾಲದು. ವೈರಸ್ ಮತ್ತು ಕ್ಲಮೈಡಿಯಾ ಜೀವಕೋಶದ ಒಳಗೆ ಇರುತ್ತವೆ. ಕೀವು ಒರೆಸಿ, ಆಮೇಲೆ ಕೋಶಗಳು ಬರುವಷ್ಟು ಒತ್ತಿ ಉಜ್ಜಬೇಕು.

ಮುಂದಿನ ಕೋಣೆಯ ನೀರು ತೆಗೆಯುವುದು ಕಣ್ಣಿನ ತಜ್ಞರ ಕೆಲಸ. ನೋಡಿದವರಿಗೆ ಭಯವಾಗುತ್ತದೆ, ಮುಗಿಯುವುದು ಮಾತ್ರ ಒಂದೆರಡು ನಿಮಿಷದಲ್ಲಿ. ಮರಗಟ್ಟಿಸುವ ಡ್ರಾಪ್ಸ್, ಶೇ 5ರ ಪೊವಿಡೋನ್ ಅಯೋಡಿನ್, ರೆಪ್ಪೆ ಹಿಡಿಯುವ ಕ್ಲಿಪ್. 1 ಮಿಲಿಲೀಟರ್ ಸಿರಿಂಜಿಗೆ 30 ಗೇಜಿನ ಸಣ್ಣ ಸೂಜಿ ಸಿಕ್ಕಿಸಿ, ಕಪ್ಪುಗುಡ್ಡೆ-ಬಿಳಿಗುಡ್ಡೆ ಸೇರುವ ಗೆರೆಯ ಹತ್ತಿರ, ಐರಿಸ್‌ಗೆ ಸಮಾನಾಂತರವಾಗಿ ಒಳಕ್ಕೆ. ಸೂಜಿ ತುದಿ ಐರಿಸ್‌ಗೆ (ಪಾಪೆಯ ಸುತ್ತಲಿನ ಬಣ್ಣದ ಪರದೆ) ತಾಗದೆ ಅದರ ಮೇಲ್ಗಡೆಯೇ ಇರಬೇಕು, ಪಾಪೆಯ ನಡುವೆ ಲೆನ್ಸ್ ಕಡೆಗೆ ಹೋಗಬಾರದು. ಮೆಲ್ಲಗೆ ಎಳೆಯುತ್ತಾ ಕೋಣೆ ಚಪ್ಪಟೆಯಾಗುವ ಮೊದಲೇ ನಿಲ್ಲಿಸಬೇಕು. ರೋಗಿಗೆ ಮೊದಲೇ ಹೇಳಿ: ಒಂದು ಕ್ಷಣ ಒತ್ತಿದ ಹಾಗಾಗುತ್ತೆ, ನೋವು ಅಷ್ಟಿರಲ್ಲ, ಅಲುಗಾಡಬೇಡಿ.

ಹಂತ 5: ಹಂಚಿಕೊಂಡು ಕಳಿಸಿ

ಒಮ್ಮೆ ನಮ್ಮಲ್ಲಿಗೆ ಸೂಜಿಗೆ ಕ್ಯಾಪ್ ಹಾಕಿದ ಸಿರಿಂಜೇ ಬಂತು. ಚೀಲದಲ್ಲಿ ಬೇರೆ ಡಬ್ಬಿಗಳ ಮಧ್ಯೆ ಸಿಕ್ಕಿ ಪಿಸ್ಟನ್ ಒತ್ತಿಕೊಂಡಿತ್ತು. ಕ್ಯಾಪ್‌ನ ಒಳಗೋಡೆಗೆ ಒಂದಿಷ್ಟು ತೇವ, ಅಷ್ಟೇ. ಒಬ್ಬ ಮನುಷ್ಯನ ಕಣ್ಣಿಗೆ ಸೂಜಿ ಹಾಕಿ ತಂದದ್ದು ಕ್ಯಾಪ್‌ನಲ್ಲಿ ಒಣಗಿ ಹೋಗಿತ್ತು. ತೊಳೆದು ತೆಗೆದ ದ್ರವದಲ್ಲಿ ಪರೀಕ್ಷೆ ಮಾಡಿದೆವು, ನೆಗೆಟಿವ್ ಬಂತು. ಆ ನೆಗೆಟಿವ್‌ಗೆ ಯಾವ ಬೆಲೆಯೂ ಇಲ್ಲ ಎಂದು ರಿಪೋರ್ಟಿನಲ್ಲಿ ಬರೆಯಬೇಕಾಯಿತು. ಅದಕ್ಕೇ ಹೇಳುವುದು, ಥಿಯೇಟರಿನಲ್ಲೇ ನೀರನ್ನು ಸ್ಕ್ರೂ ಮುಚ್ಚಳದ ಸಣ್ಣ ಶುದ್ಧ ಟ್ಯೂಬಿಗೆ ಹಾಕಿಬಿಡಿ.

ಹಂಚುವುದು ಹೇಗೆ? ಬ್ಯಾಕ್ಟೀರಿಯಾ-ಫಂಗಸ್ ಅನುಮಾನವಿದ್ದರೆ ಕಲ್ಚರ್ ತಟ್ಟೆಗೆ ಮತ್ತು ಸ್ಲೈಡಿಗೆ ಮೊದಲ ಪಾಲು, ಉಳಿದದ್ದು ಪಿಸಿಆರ್‌ಗೆ. ವೈರಸ್ ಅನುಮಾನವಿದ್ದರೆ ಕಲ್ಚರ್ ಮರೆತುಬಿಡಿ, ಪೂರ್ತಿ ಪಿಸಿಆರ್‌ಗೆ. ಟಾಕ್ಸೊಪ್ಲಾಸ್ಮಾ ಅಥವಾ ರುಬೆಲ್ಲಾ ಅನುಮಾನವಿದ್ದು ಕಾಯಿಲೆ ಶುರುವಾಗಿ ಎರಡು ವಾರ ದಾಟಿದ್ದರೆ ಸ್ವಲ್ಪ ನೀರನ್ನು ಆಂಟಿಬಾಡಿ ಪರೀಕ್ಷೆಗೂ ಎತ್ತಿಡಿ, ಜೊತೆಗೆ ಅದೇ ದಿನದ ರಕ್ತವನ್ನೂ ಕಳಿಸಿ. ಕಣ್ಣಿನಲ್ಲಿರುವ ಆಂಟಿಬಾಡಿ ರಕ್ತದಲ್ಲಿರುವುದಕ್ಕಿಂತ ಪ್ರಮಾಣದಲ್ಲಿ ಹೆಚ್ಚಿದೆಯಾ ಎಂದು ಲೆಕ್ಕ ಹಾಕುವ ಹಳೆಯ ವಿಧಾನ ಇದು, ಗೋಲ್ಡ್‌ಮನ್-ವಿಟ್ಮರ್ ಅನುಪಾತ ಅಂತ ಹೆಸರು. ರೋಗಾಣು ಕಡಿಮೆಯಾಗಿ ಪಿಸಿಆರ್ ಕೈಕೊಡುವ ಹೊತ್ತಿಗೆ ಇದು ಕೆಲಸಕ್ಕೆ ಬರುತ್ತದೆ.

ಅದೇ ದಿನ ತಲುಪುವುದಾದರೆ ಐಸ್ ಪ್ಯಾಕ್ ಸಾಕು. ತಡವಾದರೆ ಫ್ರೀಜರ್‌ನಲ್ಲಿಡಿ, ಆದರೆ ಕರಗಿಸಿ ಮತ್ತೆ ಗಟ್ಟಿ ಮಾಡಬೇಡಿ. ಆರ್‌ಎನ್‌ಎ ವೈರಸ್ ಅನುಮಾನವಿದ್ದರೆ ತಡ ಮಾಡಲೇಬೇಡಿ, ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಫಾರ್ಮಲಿನ್‌ಗೆ ಹಾಕಬೇಡಿ. ರಕ್ತ ಕಳಿಸುವುದಾದರೆ ಹೆಪಾರಿನ್ ಟ್ಯೂಬ್ ಬೇಡ, ಅದೂ ಪಿಸಿಆರ್‌ಗೆ ಅಡ್ಡಿ. ಟ್ಯೂಬಿನ ಮೇಲೆ ಬರೆದದ್ದು ಸ್ಪಿರಿಟ್ ತಾಗಿದರೆ ಅಳಿಸಿಹೋಗದ ಹಾಗಿರಲಿ. ಬಲಗಣ್ಣೋ ಎಡಗಣ್ಣೋ ಬರೆಯಿರಿ.

ಹಂತ 6: ಯಾವ ಪರೀಕ್ಷೆ

ಆಯ್ಕೆ ಮೂರು. ನಾಲ್ಕೈದು ಖಚಿತ ಹೆಸರುಗಳಿದ್ದರೆ ಆ ರೋಗಾಣುಗಳಿಗೆಂದೇ ಇರುವ ಪಿಸಿಆರ್, ಅಥವಾ ಒಂದೇ ಟ್ಯೂಬಿನಲ್ಲಿ ಹಲವನ್ನು ಹುಡುಕುವ ಮಲ್ಟಿಪ್ಲೆಕ್ಸ್ ಪಿಸಿಆರ್. ಇದೇ ಹೆಚ್ಚು ಸೂಕ್ಷ್ಮ. ಯಂತ್ರದ ಕೆಲಸ ಕೆಲವು ಗಂಟೆಗಳದ್ದು, ರಿಪೋರ್ಟ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ.

‘ಬ್ಯಾಕ್ಟೀರಿಯಾ ಇದೆ ಅನ್ನಿಸುತ್ತೆ, ಯಾವುದು ಗೊತ್ತಿಲ್ಲ’ ಅನ್ನುವುದಾದರೆ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನ್ ಹಿಡಿಯುವ ಪಿಸಿಆರ್. ಸುಮಾರು 1,500 ಅಕ್ಷರಗಳ ಈ ಜೀನಿನಲ್ಲಿ ಕೆಲವು ಭಾಗ ಎಲ್ಲದರಲ್ಲೂ ಒಂದೇ ಥರ, ಕೆಲವು ಭಾಗ ಜಾತಿಗೊಂದು ಥರ. ಒಂದೇ ಥರ ಇರುವ ಭಾಗವನ್ನು ಹಿಡಿಕೆ ಮಾಡಿಕೊಂಡು, ಬೇರೆ ಬೇರೆ ಇರುವ ಭಾಗವನ್ನು ಓದಿ ಹೆಸರು ಹೇಳುತ್ತೇವೆ. ಫಂಗಸ್‌ಗೆ ಇದೇ ರೀತಿ ಐಟಿಎಸ್ ಅನ್ನುವ ಭಾಗ.

ಮೂರನೆಯದು ಮೆಟಜಿನೋಮಿಕ್ ಸೀಕ್ವೆನ್ಸಿಂಗ್. ಟ್ಯೂಬಿನಲ್ಲಿರುವ ಎಲ್ಲ ಡಿಎನ್‌ಎ, ಆರ್‌ಎನ್‌ಎಯನ್ನೂ ಓದಿ, ಆಮೇಲೆ ಕಂಪ್ಯೂಟರಿನಲ್ಲಿ ಯಾರದ್ದು ಅಂತ ಹುಡುಕುವುದು. ಓದಿದ್ದರಲ್ಲಿ ಬಹುಪಾಲು ರೋಗಿಯದೇ ಡಿಎನ್‌ಎ ಇರುತ್ತದೆ. ಅದನ್ನು ಸೋಸಿ ಬಿಸಾಡಿ ಉಳಿದ ಚೂರುಪಾರನ್ನು ಜರಡಿ ಹಿಡಿಯಬೇಕು. ಸಮಯ, ಖರ್ಚು ಎರಡೂ ಜಾಸ್ತಿ. ಆದರೂ ಕೆಲವು ಸಲ ಇದೊಂದೇ ದಾರಿ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು 16 ವರ್ಷದಿಂದ ಕಾರಣ ಗೊತ್ತಾಗದ ಯುವಿಯೈಟಿಸ್ (ಕಣ್ಣಿನ ಒಳಗಿನ ಉರಿಯೂತ) ಇದ್ದ ಒಬ್ಬ ರೋಗಿಯ ಕಣ್ಣಿನ ನೀರನ್ನು ಹೀಗೆ ಓದಿದಾಗ ರುಬೆಲ್ಲಾ ವೈರಸ್ ಸಿಕ್ಕಿತು. ಹದಿನಾರು ವರ್ಷ ಯಾರೂ ಅದರ ಹೆಸರು ಹಿಡಿದು ಹುಡುಕಿರಲಿಲ್ಲ. ಹೆಸರು ಹಿಡಿದು ಕೇಳದಿದ್ದರೆ ಪಿಸಿಆರ್ ಬಾಯಿ ಬಿಡಲ್ಲ ಅಂದೆನಲ್ಲ, ಅದು ಇದೇ.

ಹಾಗಂತ ಮೊದಲ ದಿನವೇ ಇದನ್ನು ಬರೆದುಕೊಡುವುದು ನನ್ನ ಲೆಕ್ಕದಲ್ಲಿ ಸೋಮಾರಿತನ.

ಹಂತ 7: ಲ್ಯಾಬಿನೊಳಗೆ ಏನಾಗುತ್ತೆ

ಕ್ಯಾರಿ ಮುಲ್ಲಿಸ್ 1983ರಲ್ಲಿ ಯೋಚಿಸಿ, 1993ರಲ್ಲಿ ನೊಬೆಲ್ ಪಡೆದ ಪಿಸಿಆರ್‌ನ ಉಪಾಯ ಇಷ್ಟೇ. ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಡಿಎನ್‌ಎ ಜಡೆ ಬಿಚ್ಚುವುದು, 60ರ ಆಸುಪಾಸಿಗೆ ಇಳಿಸಿ ಹುಡುಕುವ ರೋಗಾಣುವಿಗೆ ಮಾತ್ರ ಅಂಟುವ ಸಣ್ಣ ಡಿಎನ್‌ಎ ತುಣುಕು, ಅಂದರೆ ಪ್ರೈಮರ್ ಅಂಟಿಸುವುದು, 72ಕ್ಕೆ ಏರಿಸಿ ನಕಲು ಮಾಡುವುದು. ಪ್ರತಿ ಸುತ್ತಿಗೂ ದುಪ್ಪಟ್ಟು. ಒಂದೇ ಒಂದು ತುಣುಕು 30 ಸುತ್ತಿಗೆ 107 ಕೋಟಿಯಾಗುತ್ತದೆ.

ಇಷ್ಟು ಶಕ್ತಿ ಇದ್ದರೆ ತಪ್ಪುವ ಮಾತೇ ಇಲ್ಲವಲ್ಲ? ಇದೆ. ಒಂದು ಲೆಕ್ಕ ಹಾಕೋಣ. ನೀವು ಕಳಿಸಿದ ಎರಡು ಹನಿಯಲ್ಲಿ ವೈರಸ್‌ನ 10 ಪ್ರತಿ ಇತ್ತು ಅನ್ನಿ. ಒಂದೂ ಕಳೆದುಹೋಗದೆ ಅದನ್ನು 50 ಮೈಕ್ರೋಲೀಟರ್ ದ್ರವಕ್ಕೆ ತಂದೆವು ಅನ್ನಿ. ಒಂದು ಪರೀಕ್ಷೆಗೆ ಅದರಲ್ಲಿ 5 ಮೈಕ್ರೋಲೀಟರ್ ಹಾಕುತ್ತೇವೆ. ಸರಾಸರಿ ಒಂದು ಪ್ರತಿ ಬರಬೇಕು. ಆದರೆ ಅದೃಷ್ಟದಾಟ ನೋಡಿ, ಸುಮಾರು ಮೂರರಲ್ಲಿ ಒಂದು ಸಲ ಆ 5 ಮೈಕ್ರೋಲೀಟರಿಗೆ ಒಂದು ಪ್ರತಿಯೂ ಬೀಳುವುದಿಲ್ಲ. ಸೊನ್ನೆಯನ್ನು ಎಷ್ಟು ಸಲ ದುಪ್ಪಟ್ಟು ಮಾಡಿದರೂ ಸೊನ್ನೆಯೇ. ಅದೇ ಹನಿಗೆ ಹದಿನೈದು ಪರೀಕ್ಷೆ ಬರೆದರೆ ಒಂದೊಂದಕ್ಕೂ ಇನ್ನೂ ಕಡಿಮೆ ಹಾಕಬೇಕಾಗುತ್ತದೆ. ‘ಎಲ್ಲಾ ಪರೀಕ್ಷೆ ಮಾಡಿ’ ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಲ್ಯಾಬ್ ಮಾಡಲೇಬೇಕಾದ ಎರಡು ಕೆಲಸ ಇವೆ, ಕಳಿಸುವವರೂ ಇವನ್ನು ಕೇಳಬೇಕು. ಒಂದು, ಪ್ರತಿ ಸ್ಯಾಂಪಲ್‌ನಲ್ಲೂ ಒಂದು ಒಳ ಕಂಟ್ರೋಲ್, ಅಂದರೆ ಪರೀಕ್ಷೆ ಸರಿಯಾಗಿ ನಡೆಯಿತಾ ಎಂದು ನೋಡಲು ಇಡುವ, ಮೂಡಲೇಬೇಕಾದ ಗುರುತು. ವಿಟ್ರಿಯಸ್‌ನ ಲೋಳೆಯಂಥ ಅಂಶಗಳು ಕೆಲವು ಸಲ ಪಿಸಿಆರ್ ಅನ್ನೇ ನಿಲ್ಲಿಸಿಬಿಡುತ್ತವೆ. ಒಳ ಕಂಟ್ರೋಲ್ ಕೂಡ ಮೂಡದಿದ್ದರೆ ಫಲಿತಾಂಶ ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ. ಎರಡು, ಬರೀ ನೀರು ಹಾಕಿದ ಖಾಲಿ ಟ್ಯೂಬ್. ಅದೂ ಪಾಸಿಟಿವ್ ಬಂದರೆ ಎಲ್ಲೋ ಕಲಬೆರಕೆಯಾಗಿದೆ. 16ಎಸ್ ಪರೀಕ್ಷೆಯಲ್ಲಿ ಇದು ದೊಡ್ಡ ತಲೆನೋವು, ಯಾಕಂದ್ರೆ ನಾವು ಬಳಸುವ ರಾಸಾಯನಿಕಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಚೂರು ಇರುತ್ತವೆ.

ಹಂತ 8: ರಿಪೋರ್ಟ್ ಓದುವುದು

ಪಾಸಿಟಿವ್ ಪಕ್ಕದಲ್ಲಿ ಸಿಟಿ ಅನ್ನುವ ಸಂಖ್ಯೆ ಇದ್ದರೆ ಅದನ್ನು ನೋಡಿ. ಎಷ್ಟನೇ ಸುತ್ತಿಗೆ ಸಿಗ್ನಲ್ ಕಂಡಿತು ಅನ್ನುವುದು ಅದು. ಕಡಿಮೆ ಇದ್ದಷ್ಟೂ ರೋಗಾಣು ಜಾಸ್ತಿ. ಸರಿಸುಮಾರು 3.3 ಸುತ್ತಿಗೆ ಹತ್ತು ಪಟ್ಟು ವ್ಯತ್ಯಾಸ. 22ಕ್ಕೂ 35ಕ್ಕೂ ಎಂಟು ಸಾವಿರ ಪಟ್ಟು ಅಂತರ ಇದೆ. ಒಂದು ಲ್ಯಾಬಿನ ಸಿಟಿಯನ್ನು ಇನ್ನೊಂದು ಲ್ಯಾಬಿನದ್ದಕ್ಕೆ ಹೋಲಿಸಬೇಡಿ.

ಹೆಸರು ಯಾರದ್ದು ಅನ್ನುವುದೂ ಮುಖ್ಯ. ಮುಂದಿನ ಕೋಣೆಯಲ್ಲಿ ವೈರಿಸೆಲ್ಲಾ ಜೋಸ್ಟರ್ ಸಿಕ್ಕಿ, ಕಣ್ಣೂ ಹಾಗೇ ಕಾಣುತ್ತಿದ್ದರೆ ಮಾತು ಮುಗಿಯಿತು. ಎಪ್‌ಸ್ಟೀನ್-ಬಾರ್ ವೈರಸ್ ಸಿಕ್ಕರೆ ಹುಷಾರು, ಅದು ಉರಿಯೂತದ ಕೋಶಗಳ ಬೆನ್ನೇರಿ ಬಂದು ಸುಮ್ನೆ ನಿಂತಿರುವ ದಾರಿಹೋಕ ಆಗಿರಬಹುದು. ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಇನ್ನೂ ಪೇಚಿನದು: ಆಪರೇಷನ್ ಆಗಿ ತಿಂಗಳುಗಳ ಮೇಲೆ ಬರುವ ಸೋಂಕಿಗೆ ಅದೇ ಕಾರಣ, ಎಲ್ಲರ ಚರ್ಮದ ಮೇಲೂ ಅದೇ ಇರುವುದು.

ಪರೀಕ್ಷೆ ಒಂದೇ, ಅದೇ ಪಾಸಿಟಿವ್‌ನ ಅರ್ಥ ಮಾತ್ರ ಬೇರೆಯಾಗುವುದು ಹೇಗೆ ನೋಡಿ. ಲೆಕ್ಕಕ್ಕಾಗಿ, ರೋಗ ಇದ್ದವರಲ್ಲಿ ಶೇ 90ರಷ್ಟು ಜನರನ್ನು ಹಿಡಿಯುವ, ಇಲ್ಲದವರಲ್ಲಿ ಶೇ 5ರಷ್ಟು ಜನರನ್ನು ತಪ್ಪಾಗಿ ಹಿಡಿಯುವ ಪರೀಕ್ಷೆ ಅನ್ನಿ. ಕಣ್ಣು ನೋಡಿಯೇ ಬಲವಾದ ಅನುಮಾನ ಬಂದ 100 ಜನರಲ್ಲಿ 80 ಜನರಿಗೆ ರೋಗ ಇದ್ದರೆ, ಪಾಸಿಟಿವ್ ಬರುವ 73 ಜನರಲ್ಲಿ 72 ಜನ ನಿಜವಾದ ರೋಗಿಗಳು. ಅದೇ ಪರೀಕ್ಷೆಯನ್ನು ‘ಇರಲಿ, ಒಂದ್ಸಲ ನೋಡೋಣ’ ಎಂದು 1,000 ಜನರಿಗೆ ಮಾಡಿ, ಅವರಲ್ಲಿ 10 ಜನರಿಗಷ್ಟೇ ರೋಗ ಇದ್ದರೆ, ಪಾಸಿಟಿವ್ ಬರುವ ಸುಮಾರು 59 ಜನರಲ್ಲಿ ನಿಜವಾದವರು 9 ಮಾತ್ರ. ಉಳಿದ 50 ಜನ ಬೇಡದ ಔಷಧಿ ನುಂಗುತ್ತಾರೆ.

ನೆಗೆಟಿವ್ ಅಂದರೆ ‘ಇಲ್ಲ’ ಅಂತಲ್ಲ, ‘ಈ ಹನಿಯಲ್ಲಿ ಸಿಗಲಿಲ್ಲ’ ಅಂತ. ಕಣ್ಣಿನ ಕ್ಷಯದಲ್ಲಿ ಇದು ಬಹಳ ನಿಜ. ಅಲ್ಲಿ ಬ್ಯಾಕ್ಟೀರಿಯಾ ತೀರಾ ವಿರಳ, ತೊಂದರೆ ಕೊಡುವುದು ಬಹುತೇಕ ದೇಹದ ಪ್ರತಿಕ್ರಿಯೆಯೇ. ಪಿಸಿಆರ್ ನೆಗೆಟಿವ್ ಬಂತೆಂದು ಕ್ಷಯವನ್ನು ಪಟ್ಟಿಯಿಂದ ತೆಗೆಯುವಂತಿಲ್ಲ. ರೋಗಾಣು ತನ್ನ ಗುರುತನ್ನೇ ಬದಲಿಸಿಕೊಂಡು ತಪ್ಪಿಸಿಕೊಳ್ಳುವುದೂ ಇದೆ. 2006ರಲ್ಲಿ ಸ್ವೀಡನ್‌ನಲ್ಲಿ ಕ್ಲಮೈಡಿಯಾದ ಒಂದು ಹೊಸ ತಳಿ ಸಿಕ್ಕಿತು. ಅದರ ಒಳಗಿನ ಸಣ್ಣ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್‌ನಲ್ಲಿ 377 ಅಕ್ಷರಗಳ ಒಂದು ತುಂಡು ಉದುರಿಹೋಗಿತ್ತು. ಆಗ ಹೆಚ್ಚು ಬಳಕೆಯಲ್ಲಿದ್ದ ಕೆಲವು ಕಿಟ್‌ಗಳು ಹುಡುಕುತ್ತಿದ್ದದ್ದು ಸರಿಯಾಗಿ ಅದೇ ತುಂಡನ್ನು. ರೋಗ ಹರಡುತ್ತಲೇ ಇತ್ತು, ರಿಪೋರ್ಟ್‌ಗಳು ನೆಗೆಟಿವ್ ಅನ್ನುತ್ತಲೇ ಇದ್ದವು. ಅದು ಜನನಾಂಗದ ಸೋಂಕಿನ ಕಥೆ. ಆದರೆ ಕಣ್ಣಿಗೆ ಬರುವುದೂ ಅದೇ ಜಾತಿಯ ಬ್ಯಾಕ್ಟೀರಿಯಾ, ಕಿಟ್‌ನ ತತ್ವವೂ ಅದೇ. ಒಂದಕ್ಕಿಂತ ಹೆಚ್ಚು ಜಾಗ ಹುಡುಕುವ ಕಿಟ್ ಬಳಸಿ ಅನ್ನುವುದು ಇದರಿಂದ.

ಹಂತ 9: ಚಿಕಿತ್ಸೆ ಮತ್ತು ಮರುಪರೀಕ್ಷೆ

ರಿಪೋರ್ಟ್‌ಗಾಗಿ ಕಣ್ಣನ್ನು ಕಾಯಿಸಬೇಡಿ. ಒಳಗೆ ಕೀವಾಗಿದ್ದರೆ ಸ್ಯಾಂಪಲ್ ತೆಗೆದ ಅದೇ ಮೇಜಿನ ಮೇಲೆ ವ್ಯಾಂಕೊಮೈಸಿನ್ 1 ಮಿಲಿಗ್ರಾಂ ಮತ್ತು ಸೆಫ್ಟಾಜಿಡೈಮ್ 2.25 ಮಿಲಿಗ್ರಾಂ ವಿಟ್ರಿಯಸ್‌ಗೆ ಹೋಗುವುದು ರೂಢಿ. ರೆಟಿನಾ ಕೊಳೆಯುತ್ತಿದ್ದರೆ ವೈರಸ್ ಔಷಧಿ ಅಂದೇ ಶುರು. ವೈರಸ್ ಔಷಧಿಯ ಕಾವಲಿಲ್ಲದೆ ಸ್ಟೀರಾಯ್ಡ್ ಕೊಡಬಾರದು. ರಿಪೋರ್ಟ್ ಬಂದ ಮೇಲೆ ಔಷಧಿಯನ್ನು ತಿದ್ದಿ, ಬೇಡದ್ದನ್ನು ನಿಲ್ಲಿಸಿ.

ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದನ್ನು ಜೀನ್ ಪರೀಕ್ಷೆ ಅಲ್ಪಸ್ವಲ್ಪ ಮಾತ್ರ ಹೇಳುತ್ತದೆ. ಸ್ಟ್ಯಾಫಿಲೊಕಾಕಸ್‌ನಲ್ಲಿ ಮೆಕ್-ಎ ಜೀನ್ ಸಿಕ್ಕರೆ ಮೆಥಿಸಿಲಿನ್ ಬಳಗದ ಔಷಧಿ ನಡೆಯಲ್ಲ. ಸೈಟೊಮೆಗಾಲೊ ವೈರಸ್‌ನ ಯುಎಲ್97, ಯುಎಲ್54 ಜೀನ್‌ಗಳಲ್ಲಿ ಬದಲಾವಣೆ ಇದ್ದರೆ ಗ್ಯಾನ್‌ಸೈಕ್ಲೊವಿರ್ ಸೋಲಬಹುದು. ಉಳಿದ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಕಲ್ಚರ್ ತಟ್ಟೆಯ ಮೇಲೆ ಔಷಧಿ ಬಿಲ್ಲೆ ಇಟ್ಟು ನೋಡುವ ಹಳೇ ಪದ್ಧತಿಯೇ ಗತಿ. ಪಿಸಿಆರ್ ಬಂತೆಂದು ಕಲ್ಚರ್ ಬಿಡಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ವಾಸಿಯಾಯ್ತಾ ಎಂದು ನೋಡಲು ಮತ್ತೆ ಪಿಸಿಆರ್ ಮಾಡಿಸಬೇಡಿ. ಸತ್ತ ರೋಗಾಣುವಿನ ಡಿಎನ್‌ಎ ಇನ್ನೂ ಕೆಲವು ದಿನ, ಕೆಲವು ಸಲ ವಾರಗಳು ಉಳಿದಿರುತ್ತದೆ. ಅಕಾಂತಮೀಬಾ ಹುಣ್ಣಿನಲ್ಲಿ ಇದರಿಂದ ಗೊಂದಲ ಜಾಸ್ತಿ. ಕಣ್ಣು ಹೇಗಿದೆ ಅನ್ನುವುದೇ ಅಳತೆ. ಮರುಪರೀಕ್ಷೆಗೆ ಅರ್ಥ ಇರುವುದು ಔಷಧಿ ಕೊಟ್ಟರೂ ಕಣ್ಣು ಕೆಡುತ್ತಿದ್ದಾಗ, ಅಥವಾ ಅನುಮಾನ ಬಲವಾಗಿದ್ದೂ ಮೊದಲ ಸಲ ನೆಗೆಟಿವ್ ಬಂದಾಗ.

ಆಗಲೂ ಎರಡನೇ ಸಲ ಸೂಜಿ ಎತ್ತುವ ಮೊದಲು ಲ್ಯಾಬಿಗೆ ಒಂದು ಫೋನ್ ಮಾಡಿ. ಮೊದಲ ಸಲದ ಡಿಎನ್‌ಎಯಲ್ಲಿ ಹತ್ತಿಪ್ಪತ್ತು ಮೈಕ್ರೋಲೀಟರ್ ಉಳಿದಿದ್ದು, ಫ್ರೀಜರ್‌ನ ಯಾವುದೋ ಡಬ್ಬಿಯಲ್ಲಿ ರೋಗಿಯ ನಂಬರ್ ಹೊತ್ತು ಕೂತಿರುವುದು ಎಷ್ಟೋ ಸಲ. ಈ ಸಲ ಯಾವ ಹೆಸರು ಹುಡುಕಬೇಕು ಅಂತ ಹೇಳಿದರೆ ಅದರಲ್ಲೇ ಮಾಡಿ ಕೊಡುತ್ತೇವೆ.